ನಾಲ್ಕು ಬೇಕು

ಮಂಗಳವಾರ ಬೆಳಿಗ್ಗೆ ಪೇಪರು ಎತ್ತಿಕೊಳ್ಳಲೆಂದು ಬಾಗಿಲು ತೆರೆದ ವರ್ಲಿನ್ ಟ್ಯಾಕೆಟ್‌ಗೆ ಎದುರುಮನೆಯ ಅಂಗಳದಲ್ಲಿ ಹೊಸ ಬೋರ್ಡೊಂದು ಕಂಡಿತು. ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರದಲ್ಲಿ ಎರಡೇ ಮಾತು: '4 ಬೇಡ'.

ವರ್ಲಿನ್‌ಗೆ ಪಿತ್ತ ನೆತ್ತಿಗೇರಿತು. ಇಡೀ ಹ್ಯಾಡ್ಲರ್ ಊರಿಗೆ ನಾಲ್ಕು ಎಂದರೆ ಏನೋ ಎಂತೋ, ಅವನ ಪಾಲಿಗೆ ನಾಲ್ಕು ಎಂದರೆ ಡೇವಿಯನ್ ಪ್ರುಯಿಟ್. ಹ್ಯಾಡ್ಲರ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ, ಅಂದರೆ 'ಹೇಸರಗತ್ತೆ'ಗಳ ತಂಡದಲ್ಲಿ, ನಾಲ್ಕನೇ ನಂಬರಿನ ಅಂಗಿ ತೊಡುವ ಹುಡುಗ. ಇದೇ ಊರಲ್ಲಿ ಹುಟ್ಟಿ, ಇದೇ ಬೀದಿಯಲ್ಲಿ ಚೆಂಡು ಕುಟ್ಟುತ್ತಾ ಬೆಳೆದವನು. ಅಂಥವನನ್ನು ಕೋಚು ಎಂಟು ಆಟಗಳಿಂದ ಬೆಂಚಿನ ಮೇಲೆ ಕೂರಿಸಿ, ಅವನ ಜಾಗದಲ್ಲಿ ತನ್ನ ತಂಗಿಯ ಮಗನನ್ನು ಆಡಿಸುತ್ತಿದ್ದ. ಆ ಹನ್ನೊಂದನೇ ನಂಬರಿನವನು ಎಸೆದ ಚೆಂಡು ಬುಟ್ಟಿಯನ್ನು ಬಿಟ್ಟು ಊರಿನ ಮಿಕ್ಕೆಲ್ಲ ಕಡೆಗೂ ಹೋಗಿ ಬರುತ್ತಿತ್ತು.

ಇವತ್ತು ಸಂಜೆ ನದಿಯಾಚೆಯ ಕ್ರೆನ್ಶಾ ಕಾಲೇಜಿನ ವಿರುದ್ಧ ಆಟ. ಇಂಥ ದಿನ ಡೇವಿಯನ್‌ಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದ ಎದುರುಮನೆಯ ಟೀಚರಮ್ಮ, ಓಪಲ್ ಕಾಡಿಲ್, ತಾನೇ ಅವನು ಬೇಡವೆಂದು ಬೋರ್ಡು ನೆಟ್ಟಿದ್ದಾಳೆ!

ಆ 'ನಾಲ್ಕು' ಬೇರೆಯದಿರಬಹುದೆಂಬ ಅನುಮಾನ ವರ್ಲಿನ್‌ಗೆ ಬರಲು ಕಾರಣವೇ ಇರಲಿಲ್ಲ. ಆರು ವರ್ಷದ ಹಿಂದೆ ಹಬ್ಬದ ಊಟಕ್ಕೆ ಕೂತಾಗ, ಟರ್ಕಿ ಕೋಳಿಯನ್ನು ಕೊಯ್ಯುತ್ತಾ ಕೊಯ್ಯುತ್ತಾ ಅವನೂ ಅವನ ಹೆಂಡತಿ ಲೊರೀನಳೂ ರಾಜಕೀಯದ ಜಗಳಕ್ಕಿಳಿದಿದ್ದರು. ಸಿಹಿ ಬಡಿಸುವ ಹೊತ್ತಿಗೆ ಅವಳು ಕಾರು ಹತ್ತಿ ಹೋದವಳು ತಿರುಗಿ ಬರಲಿಲ್ಲ. ಅಂದಿನಿಂದ ಅವನು ಪೇಪರಿನಲ್ಲಿ ಆಟದ ಪುಟ ಒಂದನ್ನೇ ಓದಿ ಉಳಿದದ್ದನ್ನು ಒಲೆಗೆ ಹಾಕುತ್ತಿದ್ದ. ಗ್ಯಾಸ್ ಕಂಪನಿಯಲ್ಲಿ ಮೀಟರ್ ನೋಡುವ ಕೆಲಸದಿಂದ ನಿವೃತ್ತನಾದ ಮೇಲೆ ಅವನ ಮನೆಗೆ ಬರುವವರೂ ಇರಲಿಲ್ಲ, ಸುದ್ದಿ ಹೇಳುವವರೂ ಇರಲಿಲ್ಲ.

ಅವನು ಷೆಡ್ಡಿಗೆ ಹೋಗಿ, ಒಂದು ಹಲಗೆ ಹುಡುಕಿ, ತಂಡದ ಹಸಿರು ಬಣ್ಣದಲ್ಲಿ '4 ಬೇಕೇ ಬೇಕು!' ಎಂದು ಆಳೆತ್ತರದ ಅಕ್ಷರದಲ್ಲಿ ಬರೆದು ಅಂಗಳದಲ್ಲಿ ನೆಟ್ಟ. ಬಣ್ಣ ಒಣಗುವ ಮೊದಲೇ ಓಪಲ್ ರಸ್ತೆ ದಾಟಿ ಬಂದಳು.

"ವರ್ಲಿನ್, ಇದನ್ನ ಬರೆದದ್ದು ನೀನೇನಾ?"

"ನಾನೇ. ಸ್ಪೆಲ್ಲಿಂಗ್ ಸರಿಯಾಗಿದೆಯಲ್ಲ, ಟೀಚರಮ್ಮ?"

"ಮನುಷ್ಯತ್ವ ಇದೆಯೇನೋ ನಿಂಗೆ?"

"ಆ ಮಾತು ನಾನು ಕೇಳ್ಬೇಕು. ಕೈ ಹಿಡಿದು ಅಕ್ಷರ ತಿದ್ದಿಸಿದೋರು ನೀವು. ಈಗ ಬೇಡ ಅಂತ ಬೀದೀಲಿ ಬೋರ್ಡು ಹಾಕ್ತೀರಲ್ಲ, ನಾಚಿಕೆ ಆಗಲ್ವಾ?"

"ನಂಗ್ಯಾಕೋ ನಾಚಿಕೆ? ನಾಳೆ ನಾಲ್ಕು ಬಂತು ಅಂತಿಟ್ಕೋ. ಈ ಊರಿನ ಗರ್ಭಿಣಿ ಹೆಂಗಸರ ಗತಿ ಏನು? ಅದನ್ನ ಯೋಚನೆ ಮಾಡಿದೀಯಾ?"

ವರ್ಲಿನ್ ಬೆಚ್ಚಿಬಿದ್ದ. ಡೇವಿಯನ್ ಆಡುವುದಕ್ಕೂ ಊರಿನ ಗರ್ಭಿಣಿಯರಿಗೂ ಏನು ಸಂಬಂಧ? ಹೊಳೆದಾಗ ಅವನ ಕಿವಿ ಕೆಂಪಾಯಿತು.

"ಥೂ! ಬಾಯಿಗೆ ಬಂದಂಗೆ ಮಾತಾಡ್ಬೇಡಿ ಮಿಸ್ ಓಪಲ್. ಆ ವಿಷಯದಲ್ಲಿ ಅವನು ಅಪ್ಪಟ ಬಂಗಾರ. ನಾನು ಗ್ಯಾರಂಟಿ ಕೊಡ್ತೀನಿ!"

"ನೀನು ಗ್ಯಾರಂಟಿ ಕೊಡ್ತೀಯಾ! ನಿನ್ನ ಹತ್ರ ಮಾತಾಡೋದೂ ಒಂದೇ, ಅಂಚೆಪೆಟ್ಟಿಗೆ ಹತ್ರ ಮಾತಾಡೋದೂ ಒಂದೇ," ಎಂದು ಓಪಲ್ ಬಿರುಗಾಳಿಯಂತೆ ಹಿಂತಿರುಗಿದಳು.

ಅವಳು ಹೋದ ಬೆನ್ನಿಗೆ ಪಕ್ಕದ ಮನೆಯ ಡ್ವೇನ್ ರ‍್ಯಾಟ್ಲಿಫ್ ಬಂದ. ಹದಿನಾಲ್ಕು ವರ್ಷದಲ್ಲಿ ವರ್ಲಿನ್‌ನ ಮನೆಯತ್ತ ಅವನು ಕಣ್ಣೆತ್ತಿ ನೋಡಿದ್ದು ಎಲೆ ಉದುರುವ ಕಾಲದಲ್ಲಿ, ಮರ ಯಾರದೆಂದು ಜಗಳವಾಡಲು ಮಾತ್ರ. ಇವತ್ತು ಹಲ್ಲು ಕಿರಿಯುತ್ತಾ ಬಂದು ಕೈ ಕುಲುಕಿದ.

"ನೀನೂ ನಮ್ಮವನೇ ಅಂತ ಗೊತ್ತೇ ಇರಲಿಲ್ಲ ಕಣಯ್ಯ! ಕೂತು ತಿನ್ನೋರನ್ನ ಎಬ್ಬಿಸಬೇಕು, ಹೌದೋ ಅಲ್ವೋ?"

"ಅದನ್ನೇ ನಾನೂ ಬಡ್ಕೋತಿರೋದು. ಎಂಟು ಆಟದಿಂದ ಒಬ್ಬನೇ ಜಾಗ ಹಿಡ್ಕೊಂಡು ಕೂತು ತಿಂತಿದಾನೆ."

"ಒಬ್ಬನೇನಯ್ಯ, ಒಂದು ದಂಡೇ ಇದೆ! ಸಾಯಂಕಾಲ ನಾಲ್ಕು ಗೆಲ್ಲುತ್ತೆ ನೋಡ್ತಿರು."

"ಕೋಚು ಮನಸ್ಸು ಮಾಡಿದ್ರೆ," ಎಂದ ವರ್ಲಿನ್.

ಅದೂ ಒಂದು ತಮಾಷೆಯೆಂದುಕೊಂಡು ಡ್ವೇನ್ ಹೊಟ್ಟೆ ಹಿಡಿದು ನಕ್ಕ. ಆ ಬೀದಿಯಲ್ಲಿ ವರ್ಲಿನ್‌ನ ಮಾತಿಗೆ ಒಬ್ಬರು ನಕ್ಕು ಎಷ್ಟು ಕಾಲವಾಗಿತ್ತೋ.

ಹತ್ತೂವರೆಗೆ ಟೀವಿಯ ವ್ಯಾನು ಬಂದು ನಿಂತಿತು. ಮೈಕು ಹಿಡಿದ ಹುಡುಗಿ ಎದುರುಬದುರು ನಿಂತ ಎರಡು ಬೋರ್ಡುಗಳನ್ನು ನೋಡಿ, ಹಾಲು ಕಂಡ ಬೆಕ್ಕಿನಂತೆ ಖುಷಿಯಾಗಿ ವರ್ಲಿನ್‌ನ ಬಳಿ ಬಂದಳು. "ಸರ್, ಒಂದೇ ಪ್ರಶ್ನೆ. ನಾಲ್ಕರ ಪರ ನೀವ್ಯಾಕೆ ಇಷ್ಟು ಗಟ್ಟಿಯಾಗಿ ನಿಂತಿದೀರಿ?"

ಎಂಟು ಆಟಗಳ ಸಂಕಟ ವರ್ಲಿನ್‌ನ ಬಾಯಿಂದ ಮೈಕಿನ ಮೇಲೆ ಸುರಿಯಿತು.

"ಯಾಕೆ ಅಂತೀರಾ? ಕಾಲು ಬಿದ್ದುಹೋಗಿರುತ್ತೆ, ಕಣ್ಣು ಕಾಣಲ್ಲ, ಎರಡು ಹೆಜ್ಜೆ ಓಡಿದ್ರೆ ಏದುಸಿರು ಬಿಡ್ತಾರೆ. ಇಂಥೋರನ್ನ ಇಟ್ಕೊಂಡು ಎಷ್ಟು ದಿನ ಸಾಕ್ತೀರಿ? ಎತ್ತಿ ಹೊರಗೆ ಹಾಕಿ! ಸಂಬಂಧಿಕರು ಅತ್ರೆ ಅಳಲಿ. ನಂಗೆ ಒಂಚೂರೂ ಕರುಣೆ ಇಲ್ಲ!"

ಹುಡುಗಿಯ ಮುಖ ಬಿಳಿಚಿಕೊಂಡಿತು. ಥ್ಯಾಂಕ್ಸ್ ಎನ್ನುವುದನ್ನೂ ಮರೆತು ವ್ಯಾನು ಹತ್ತಿದಳು.

ಮಧ್ಯಾಹ್ನ ವರ್ಲಿನ್ ಎಂದಿನಂತೆ ಟ್ವೈಲಾಳ ಹೋಟೆಲಿಗೆ ಹೋದ. ಆಟದ ದಿನ ಅಲ್ಲಿ ಕಾಫಿಗಿಂತ ವಾದವೇ ಬಿಸಿ. ಕ್ರೆನ್ಶಾದಲ್ಲಿ ಓದಿ ಹ್ಯಾಡ್ಲರ್‌ನಲ್ಲಿ ಮದುವೆಯಾಗಿ ಇಲ್ಲೇ ನೆಲೆಸಿದ ಆರ್ಲೋ ವೈಟ್‌ಸೆಲ್ ಬಾಗಿಲಲ್ಲೇ ಅವನನ್ನು ಹಿಡಿಯುತ್ತಿದ್ದ. ನಿಮ್ಮ ಹೇಸರಗತ್ತೆಗಳಿಗೆ ಒದೆಯೋದು ಗೊತ್ತು, ಓಡೋದು ಗೊತ್ತಿಲ್ಲ ಎಂದು ಆರ್ಲೋ ಕೆಣಕಬೇಕು, ನಿಮ್ಮ ಕೋಚಿಗೆ ಕೊಡೋ ಸಂಬಳದಲ್ಲಿ ಎರಡು ಸೇತುವೆ ಕಟ್ಟಬಹುದಿತ್ತು ಎಂದು ವರ್ಲಿನ್ ತಿರುಗಿಸಿ ಕೊಡಬೇಕು. ಇವತ್ತು ಬಾಗಿಲು ತೆರೆದರೆ ಹೋಟೆಲು ಸಾವಿನ ಮನೆಯ ಹಾಗಿತ್ತು. ಎಲ್ಲರ ಕಣ್ಣೂ ಗೋಡೆಯ ಟೀವಿಯ ಮೇಲೆ. ಟೀವಿಯೊಳಗೆ ವರ್ಲಿನ್ ಕೂಗುತ್ತಿದ್ದ: "ಎತ್ತಿ ಹೊರಗೆ ಹಾಕಿ!" ಕೆಳಗೆ ಬರಹ ಹರಿಯುತ್ತಿತ್ತು: 'ಕ್ಲಿನಿಕ್ ಮುಚ್ಚುವ 4ನೇ ಪ್ರಶ್ನೆಗೆ ಇಂದು ಮತದಾನ. ರೋಗಿಗಳ ಬಗ್ಗೆ ಕರುಣೆಯಿಲ್ಲ: ಸ್ಥಳೀಯ ನಿವಾಸಿ.'

ವರ್ಲಿನ್ ತನ್ನ ಎಂದಿನ ಜಾಗದಲ್ಲಿ ಕೂತು ಅದನ್ನು ಎರಡು ಸಲ ಓದಿದ. ಕೌಂಟಿಯ ಸರ್ಕಾರಿ ಕ್ಲಿನಿಕ್ಕನ್ನು ಮುಚ್ಚಿ, ಮನೆ ತೆರಿಗೆ ಇಳಿಸಬೇಕೋ ಬೇಡವೋ ಎಂಬುದೇ ಮತಪತ್ರದ ನಾಲ್ಕನೇ ಪ್ರಶ್ನೆ. ಎದುರುಮನೆಯ ಬೋರ್ಡಿನಲ್ಲಿದ್ದ 'ನಾಲ್ಕು' ಇದು!

"ಶಹಬ್ಬಾಸ್ ಕಣಯ್ಯ," ಎಂದ ಆರ್ಲೋ. "ಕ್ರೆನ್ಶಾದೋರು ಕಟುಕರು ಅಂತ ನೀನು ಇಪ್ಪತ್ತು ವರ್ಷದಿಂದ ಹೇಳ್ತಿದ್ದೆ. ನಮ್ಮಲ್ಲಿ ಕಾಲಿಲ್ಲದೋರನ್ನ ಬೀದಿಗೆ ಎಸೆಯಲ್ಲಪ್ಪ."

"ಅಯ್ಯೋ, ನಾನು ಹೇಳಿದ್ದು ಹನ್ನೊಂದನೇ ನಂಬರಿನವನಿಗೆ! ಡೇವಿಯನ್‌ನ ಆಡಿಸಿ ಅಂತ!"

ಟ್ವೈಲಾ ಅವನ ಮುಂದಿದ್ದ ಖಾಲಿ ತಟ್ಟೆಯನ್ನು ಎತ್ತಿಕೊಂಡಳು. "ನಮ್ಮಮ್ಮ ವಾರಕ್ಕೆ ಮೂರು ಸಲ ಆ ಕ್ಲಿನಿಕ್ಕಿಗೆ ಹೋಗ್ತಾಳೆ. ಅವಳಿಗೂ ಕಾಲು ಬಿದ್ದುಹೋಗಿದೆ. ಹೇಳಿದ್ದನ್ನ ಹೇಳಿದೆ ಅನ್ನೋ ಧೈರ್ಯ ಆದ್ರೂ ಇಟ್ಕೋ."

"ಟ್ವೈಲಾ, ನಿನ್ನಾಣೆ..."

"ನನ್ನಾಣೆ ಹಾಕ್ಬೇಡ. ಎದ್ದು ಹೋಗು."

ಇಪ್ಪತ್ತೆರಡು ವರ್ಷ ಊಟ ಮಾಡಿದ ಜಾಗದಿಂದ ವರ್ಲಿನ್ ಹಸಿದುಕೊಂಡೇ ಎದ್ದು ಬಂದ. ಮನೆಗೆ ಹೋಗಿ ಮೊದಲು ಬೋರ್ಡು ಕೀಳಬೇಕು, ಆಮೇಲೆ ಟೀವಿಯವರಿಗೆ ಫೋನು ಮಾಡಬೇಕು ಎಂದುಕೊಂಡ.

ಅಂಗಳಕ್ಕೆ ಬಂದರೆ ಅದು ಅವನ ಅಂಗಳದಂತೆಯೇ ಇರಲಿಲ್ಲ. ಮಳೆ ಬಂದ ಮರುದಿನದ ಅಣಬೆಯ ಹಾಗೆ '4 ಬೇಕು' ಎನ್ನುವ ನಲವತ್ತು ಬೋರ್ಡು ಎದ್ದಿದ್ದವು. ಡ್ವೇನ್ ಇದ್ದಿಲ ಒಲೆ ತಂದಿಟ್ಟು ಹಂದಿಮಾಂಸ ಸುಡುತ್ತಿದ್ದ. ಮೂವತ್ತು ಜನ ಒಟ್ಟಾಗಿ 'ವರ್ಲಿನ್! ವರ್ಲಿನ್!' ಎಂದು ಕೂಗಿದರು. ಯಾರೋ ಕುರ್ಚಿ ಎಳೆದು ಕೊಟ್ಟರು, ಯಾರೋ ಕೈಗೆ ತಟ್ಟೆ ಇಟ್ಟರು.

"ನೋಡ್ರಪ್ಪ, ನಂದೊಂದು ಮಾತಿದೆ," ಎಂದು ವರ್ಲಿನ್ ಶುರು ಮಾಡಿದ. "ಈ ಬೋರ್ಡು ನಾನು..."

"ಮೊದಲು ತಿನ್ನಯ್ಯ, ಭಾಷಣ ಆಮೇಲೆ!"

ಅವನು ತಿಂದ. ಮಾಂಸ ಬಾಯಲ್ಲಿಟ್ಟರೆ ಕರಗುವಂತಿತ್ತು. ಪಕ್ಕದಲ್ಲಿ ಕೂತ ಹೆಂಗಸೊಬ್ಬಳು, ನಿಮ್ಮಂಥ ನೇರ ಮಾತಿನವರು ಈಗ ಎಲ್ಲಿದಾರೆ ಎಂದಳು. ಇನ್ನೊಬ್ಬ, ಭಾನುವಾರ ಮೀನು ಹಿಡಿಯೋಕೆ ಬರ್ತೀಯಾ ಎಂದು ಕರೆದ. ಆರು ವರ್ಷದಲ್ಲಿ ಅವನನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ. ಹೇಳಬೇಕೆಂದಿದ್ದ ಮಾತನ್ನು ಅವನು ಒಂದೊಂದು ತುತ್ತಿನ ಜೊತೆಗೂ ಮುಂದೂಡಿದ. ತಟ್ಟೆ ಖಾಲಿಯಾಗುವ ಹೊತ್ತಿಗೆ ಅದು ಹೊಟ್ಟೆಯೊಳಗೆಲ್ಲೋ ಸೇರಿಹೋಗಿತ್ತು.

ನಾಲ್ಕು ಗಂಟೆಗೆ ಎಲ್ಲರೂ ಅವನನ್ನು ಮೆರವಣಿಗೆಯಂತೆ ಮತಗಟ್ಟೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ವರ್ಲಿನ್ ಒಂದು ಉಪಾಯ ಹೂಡಿದ್ದ. ಒಳಗೆ ಯಾರಿಗೂ ಕಾಣುವುದಿಲ್ಲ, 'ಬೇಡ' ಎಂದು ಗುರುತು ಹಾಕಿ ಬಂದರಾಯಿತು. ಮೀನೂ ಉಳಿಯಿತು, ಕ್ಲಿನಿಕ್ಕೂ ಉಳಿಯಿತು.

ಮತಗಟ್ಟೆಯ ಹೊರಗಿನ ರಸ್ತೆಯಂಚಿನಲ್ಲಿ ಓಪಲ್ ತನ್ನ ಕಡೆಯವರೊಂದಿಗೆ ನಿಂತಿದ್ದಳು. ಅವನನ್ನು ಕಂಡದ್ದೇ ಎಲ್ಲರಿಗೂ ಕೇಳುವಂತೆ ಹೇಳಿದಳು: "ಲೊರೀನ್ ಇವನನ್ನ ಬಿಟ್ಟು ಹೋದಾಗ ಪಾಪ ಅಂದಿದ್ದೆ. ಪಾಪ ಅನ್ನಬೇಕಾಗಿದ್ದು ಅಷ್ಟು ವರ್ಷ ಜೊತೇಲಿದ್ದ ಅವಳಿಗೆ."

ಗುಂಪು ನಕ್ಕಿತು. ಅವನ ಜೊತೆಗೆ ಬಂದವರಲ್ಲೂ ಒಬ್ಬಿಬ್ಬರು ನಕ್ಕರು.

ವರ್ಲಿನ್ ಒಳಗೆ ಹೋಗಿ ಕಾಗದ ಹಿಡಿದು ನಿಂತ. ಪ್ರಶ್ನೆಯನ್ನು ಮೊದಲಿಂದ ಕೊನೆಯವರೆಗೂ ಓದಿದ. ಅರ್ಥವಾಗಲಿಲ್ಲ ಎನ್ನುವಂತಿರಲಿಲ್ಲ. ಕಿವಿಯಲ್ಲಿ ನಗು ಇನ್ನೂ ಗುಂಯ್‌ಗುಟ್ಟುತ್ತಿತ್ತು. 'ಹೌದು' ಎಂಬುದರ ಮುಂದಿನ ಸೊನ್ನೆಯನ್ನು ಪೆನ್ನಿನಿಂದ ತುಂಬಿದ, ಕಾಗದ ಹರಿಯುವಷ್ಟು ಒತ್ತಿ ತುಂಬಿದ. ನನ್ನೊಬ್ಬನ ವೋಟಿನಿಂದ ಏನು ಮಹಾ ಆಗುತ್ತದೆ ಎಂದು ತನಗೇ ಹೇಳಿಕೊಂಡು ಹೊರಗೆ ಬಂದ.

ಏಳು ಗಂಟೆಗೆ ಆಟ ಶುರುವಾಯಿತು. ಕ್ರೀಡಾಂಗಣದೊಳಗೆ ಕಾಲಿಡಲು ಜಾಗವಿರಲಿಲ್ಲ. ಯಾರ ಕಣ್ಣಿಗೂ ಬೀಳದಂತೆ ವರ್ಲಿನ್ ಮೇಲಿನ ಸಾಲಿನ ಕಂಬದ ಹಿಂದೆ ಕೂತ. ಹತ್ತೇ ನಿಮಿಷದಲ್ಲಿ ಹನ್ನೊಂದನೇ ನಂಬರಿನವನು ಕ್ರೆನ್ಶಾದವರಿಗೇ ಮೂರು ಸಲ ಚೆಂಡು ದಾನ ಮಾಡಿ, ನಾಲ್ಕನೇ ಸಲ ರೆಫರಿಗೆ ಡಿಕ್ಕಿ ಹೊಡೆದ. ಕೋಚು ತಲೆ ಚಚ್ಚಿಕೊಂಡು ಬೆಂಚಿನ ಕಡೆಗೆ ತಿರುಗಿದ. ಡೇವಿಯನ್ ಎದ್ದು ನಿಂತ.

ಆಮೇಲೆ ನಡೆದದ್ದನ್ನು ಹ್ಯಾಡ್ಲರ್‌ನವರು ಮೊಮ್ಮಕ್ಕಳಿಗೂ ಹೇಳುತ್ತಾರೆ. ಹುಡುಗ ಒಬ್ಬನೇ ಮೂವತ್ತೊಂದು ಅಂಕ ಹೊಡೆದ. ಆಟ ಮುಗಿಯಲು ಆರು ನಿಮಿಷವಿದ್ದಾಗ ಎಲ್ಲರ ಫೋನುಗಳೂ ಒಟ್ಟಿಗೆ ಟಿಣಕ್ಕೆಂದವು. ನಾಲ್ಕನೇ ಪ್ರಶ್ನೆ ಗೆದ್ದಿತ್ತು, ಬರೀ ಒಂಬತ್ತು ವೋಟಿನಿಂದ. ಅರ್ಧ ಜನ ಕುಣಿದರು, ಅರ್ಧ ಜನ ಬೈದರು. ಅಷ್ಟರಲ್ಲಿ ಡೇವಿಯನ್ ಇನ್ನೊಂದು ಚೆಂಡು ಬುಟ್ಟಿಗೆ ಹಾಕಿದ್ದರಿಂದ ಕೊನೆಗೆ ಎಲ್ಲರೂ ಕುಣಿದರು. ವರ್ಲಿನ್ ಕಂಬವನ್ನು ತಬ್ಬಿಕೊಂಡು ಅತ್ತ. ಗೆದ್ದದ್ದಕ್ಕೋ, ಗೆಲ್ಲಿಸಿದ್ದಕ್ಕೋ ಅವನಿಗೇ ತಿಳಿಯಲಿಲ್ಲ.

ಜನ ಚದುರಿದ ಮೇಲೆ ತಲೆ ತಗ್ಗಿಸಿ ಮೆಟ್ಟಿಲಿಳಿಯುತ್ತಿದ್ದವನಿಗೆ ಎದುರಾದದ್ದು ಡೇವಿಯನ್‌ನ ತಾಯಿ ರೆನೀಟಾ. ಕ್ಲಿನಿಕ್ಕಿನಲ್ಲಿ ಹದಿನೆಂಟು ವರ್ಷದಿಂದ ನರ್ಸು. ಡ್ಯೂಟಿಯಿಂದ ನೇರವಾಗಿ ಬಂದವಳು ನೀಲಿ ಸಮವಸ್ತ್ರದಲ್ಲೇ ಇದ್ದಳು. ವರ್ಲಿನ್‌ಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಮಿಸ್ಟರ್ ಟ್ಯಾಕೆಟ್, ನಿಲ್ಲಿ. ಊರೆಲ್ಲ ನಿಮಗೆ ಉಗೀತಾ ಇತ್ತು. ನಾನು ಮಾತ್ರ ನಂಬಲಿಲ್ಲ. ಕಾಲು ಬಿದ್ದುಹೋಗಿರೋದು ಯಾರಿಗೆ ಅಂತ ಟೀವಿ ನೋಡಿದ ತಕ್ಷಣ ಗೊತ್ತಾಯ್ತು ನಂಗೆ."

ಬೆವರು ಒರೆಸಿಕೊಳ್ಳುತ್ತಾ ಬಂದ ಡೇವಿಯನ್ ಅವನ ಎರಡೂ ಕೈ ಹಿಡಿದುಕೊಂಡ. "ಹಸಿರು ಬಣ್ಣ ನೋಡಿದ್ರೇ ತಿಳಿಯಲ್ವಾ ಸರ್, ಅದು ನನ್ನ ಬೋರ್ಡು ಅಂತ? ಇಡೀ ಊರಲ್ಲಿ ನಾನು ಬೇಕು ಅಂದಿದ್ದು ನೀವೊಬ್ರೇ. ಕಣ್ಣಲ್ಲಿ ಅದನ್ನೇ ಇಟ್ಕೊಂಡು ಆಡಿದೆ."

ವರ್ಲಿನ್ ಮಾತು ತಿರುಗಿಸಿದ. "ಮುಂದಿನ ಆಟದಲ್ಲಿ..." ಎಂದು ಶುರು ಮಾಡಿದ.

"ಮುಂದಿನ ವರ್ಷ ಇವನು ಕ್ರೆನ್ಶಾಗೆ ಆಡ್ತಾನೆ," ಎಂದಳು ರೆನೀಟಾ ಮೆಲ್ಲಗೆ. "ಅಲ್ಲಿನ ಆಸ್ಪತ್ರೆಯೋರು ಎರಡು ತಿಂಗಳಿಂದ ಕರೀತಿದ್ರು. ಈ ಊರು ಬಿಟ್ಟು ಬರಲ್ಲ ಅಂದಿದ್ದೆ. ಈಗ ಕ್ಲಿನಿಕ್ಕೇ ಇಲ್ಲ. ಆಗಲೇ ಫೋನು ಮಾಡಿ ಒಪ್ಕೊಂಡೆ. ಇವನೂ ನನ್ನ ಜೊತೆ ಬರ್ತೀನಿ ಅಂದ."

ಅವಳು ವರ್ಲಿನ್‌ನ ತೋಳನ್ನು ಮುಟ್ಟಿದಳು.

"ಬರೀ ಒಂಬತ್ತು ವೋಟು ನೋಡಿ. ನಿಮ್ಮಂಥೋರು ಇನ್ನೊಂದು ಹತ್ತು ಜನ ಇದ್ದಿದ್ರೆ ಸಾಕಾಗಿತ್ತು."

"ಹೂಂ," ಎಂದ ವರ್ಲಿನ್.