ಫಾಲ್ ಹಚ್ಚದ ಸೀರೆ ಮತ್ತು ಮಿಂಚುವ ಚೀಲ

ಅಮ್ಮನಿಗೆ ಒಂದು ಅಭ್ಯಾಸ. ಯಾರ ಬಟ್ಟೆ ಕೈಗೆ ಸಿಕ್ಕರೂ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಒಳಮೈ ಹೊರಳಿಸಿ ಹೊಲಿಗೆ ನೋಡುತ್ತಾಳೆ. ಮದುಮಗಳ ಸೆರಗು, ಬ್ಯಾಂಕಿನ ಪರದೆ, ಯಾವುದಕ್ಕೂ ವಿನಾಯಿತಿ ಇಲ್ಲ. ಒಮ್ಮೆ ಡಾಕ್ಟರು ಅವಳ ಬಿಪಿ ನೋಡುತ್ತಿದ್ದರೆ, ಇವಳು ಅವರ ಬಿಳಿ ಕೋಟಿನ ತೋಳು ನೋಡುತ್ತಿದ್ದಳು. "ಹೆಮ್ಮಿಂಗ್ ಬಿಟ್ಟೈತ್ರಿ" ಅಂದಳು. ಬಿಪಿ ಎಷ್ಟಿತ್ತು ಅನ್ನೋದನ್ನ ಇಬ್ಬರೂ ಮರೆತರು.

ಇಂಥವಳ ಮನೆಯಲ್ಲಿ ಬಟ್ಟೆಗೆ ನಿವೃತ್ತಿ ಇಲ್ಲ, ವರ್ಗಾವಣೆ ಮಾತ್ರ. ಸೀರೆ ಪರದೆಯಾಗುತ್ತದೆ, ಪರದೆ ದಿಂಬಿನ ಚೀಲವಾಗುತ್ತದೆ, ದಿಂಬಿನ ಚೀಲ ಒರೆಸುವ ಬಟ್ಟೆಯಾಗುತ್ತದೆ. ಹಾಗಾಗಿ ಹೊಸಪೇಟೆಯ ನಮ್ಮ ಓಣಿಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಈ ವರ್ಷ ಮಾತ್ರ ನಮ್ಮ ಕತ್ತರಿ, ಎದುರುಮನೆ ಆಂಟಿಯ ಜೊತೆಗಿನ ಹದಿನೈದು ವರ್ಷದ ಸ್ನೇಹವನ್ನೇ ಕತ್ತರಿಸುವುದರಲ್ಲಿತ್ತು. ತಪ್ಪು ನನ್ನದೇ. ಮಾತಾಡಲು ನಾಚಿಕೆಯಾದರೆ ಸುಮ್ಮನೆ ತಲೆಯಾಡಿಸಿಬಿಡುತ್ತೇನೆ.

೧. ಚೀಲಕ್ಕೆ ನಿಂತ ಬಸ್ಸು

ಅಪ್ಪ ತೋರಣಗಲ್ಲಿನ ಕಡೆ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾರೆ. ಅವರ ಹಳೆಯ ಜಾಕೆಟ್ಟಿನಿಂದ ಅಮ್ಮ ತರಕಾರಿ ಚೀಲ ಹೊಲಿದಳು. ಬೆಳಕು ಬಿದ್ದರೆ ಮಿಂಚುವ ಪಟ್ಟಿಗಳನ್ನೂ ಬಿಡಲಿಲ್ಲ. ಒಂದು ಸಂಜೆ ಮಬ್ಬಿನಲ್ಲಿ, ಸಂತೆ ಮುಗಿಸಿ ಆ ಚೀಲ ಹಿಡಿದು ರಸ್ತೆ ದಾಟಲು ನಿಂತಿದ್ದೆ. ಕಂಪ್ಲಿ ಬಸ್ಸಿನ ಲೈಟು ಬಿತ್ತು. ಚೀಲ ಫಳಾರನೆ ಹೊಳೆಯಿತು. ಬಸ್ಸು ನಿಂತಿತು.

"ಜಲ್ದಿ ಹತ್ತವಾ" ಅಂದ ಕಂಡಕ್ಟರ್.

ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ನಾನು ಕೈ ಮಾಡಿಲ್ಲ, ಚೀಲ ಮಾಡಿದ್ದು ಅಂತ ಹೇಗೆ ಹೇಳುವುದು? ತಲೆಯಾಡಿಸಿ ಹತ್ತಿದೆ. ದುಡ್ಡಿಲ್ಲ ಅಂತ ಇಳಿಯೋಣವೆಂದರೆ ಹೆಂಗಸರಿಗೆ ಬಸ್ಸು ಪುಕ್ಕಟೆ. ಬುಕ್ಕಸಾಗರದವರೆಗೆ ಹೋಗಿ, ಇಳಿದು, ವಾಪಸ್ ಬಸ್ಸಿಗೆ ಕಾದು ಮನೆ ಮುಟ್ಟಿದೆ. ಅಮ್ಮ ಬದನೆಕಾಯಿ ತಿರುಗಿಸಿ ನೋಡಿ ಕೇಳಿದಳು, "ಇಷ್ಟೊತ್ತು ಆರಿಸಿ ಇಂಥಾವ ತಂದಿಯೇನು?"

೨. ಕೌದಿಯ ಹೊಟ್ಟೆ

ಆಮೇಲೆ ಆ ಚೀಲವನ್ನು ಹೊರಗೆ ಒಯ್ಯಲು ನಾನು ಒಪ್ಪಲಿಲ್ಲ. ಅದಕ್ಕೂ ವರ್ಗಾವಣೆಯಾಯಿತು. ತುಂಡು ಜೋಡಿಸಿ ಕೌದಿ ಹೊಲಿಯಲು ಎತ್ತಿಟ್ಟ ಹಳೆ ಸೀರೆಗಳೆಲ್ಲ ಅದರೊಳಗೆ.

ಕೌದಿಯ ಹೊಟ್ಟೆ ಬರಿದಿರಬಾರದು ಅಂತ ಅಮ್ಮ ಕೊನೆಯ ಮೂಲೆಯಲ್ಲಿ ನಾಲ್ಕು ಕಾಳು ಅಕ್ಕಿ ಇಟ್ಟು ಹೊಲಿಯುತ್ತಾಳೆ. ಹೋದ ಸಲ ಅಕ್ಕಿ ಇಡುವ ಕೆಲಸ ಅಪ್ಪನಿಗೆ ಸಿಕ್ಕಿತು. ಬರೀ ಅಕ್ಕಿ ಏನು ಇಡುವುದು ಅಂತ ಅವರು ಒಂದು ತುಂಡು ಬೆಲ್ಲವನ್ನೂ ಇಟ್ಟರು. ಯಾರಿಗೂ ಹೇಳಲಿಲ್ಲ.

ಸಂಡೂರಿನಿಂದ ಬಂದ ಸೋದರಮಾವ ಮಧ್ಯಾಹ್ನ ಊಟ ಮುಗಿಸಿ ಆ ಕೌದಿಯ ಮೇಲೆ ಅಡ್ಡಾದ. ಅರ್ಧ ಗಂಟೆಗೆಲ್ಲ ಎದ್ದು ಬಂದ. ಬೆನ್ನ ತುಂಬ ಕೆಂಪಿರುವೆ. ಅಮ್ಮ ಇನ್ನೂ ಅದನ್ನು ನೋಡಿರಲಿಲ್ಲ, ಕೌದಿ ಹೆಂಗೈತಿ ಅಂತ ಹೆಮ್ಮೆಯಿಂದ ಕೇಳಿದಳು.

"ಹೊಟ್ಟಿ ಇನ್ನೂ ತುಂಬಿಲ್ಲ ಬಿಡಕ್ಕಾ" ಅಂದ ಮಾವ. "ಅರ್ಧ ಅಷ್ಟ ನನ್ನ ತಿಂದೈತಿ."

೩. ಎಂಟು ತುಂಡು

ಮಾವನಿಗೆ ಬೇರೆ ಕೌದಿ ಕೊಡುವುದಾಗಿ ಅಮ್ಮ ಮಾತು ಕೊಟ್ಟಳು. ಸೀರೆ ಕತ್ತರಿಸುವ ಕೆಲಸ ನನಗೆ ಬಂತು. ಆ ಹೊತ್ತಿಗೆ ಚೀಲ ಎದುರುಮನೆಯಲ್ಲಿತ್ತು, ತೆಂಗಿನಕಾಯಿ ತರಲು ಆಂಟಿ ಇಸಿದುಕೊಂಡಿದ್ದರು. ಒಂದು ಬೆಳಿಗ್ಗೆ ಗೇಟಿನಾಚೆಯಿಂದಲೇ ವಾಪಸ್ ಕೊಟ್ಟು, ಒಳಗೊಂದು ಸೀರೆ ಐತಿ, ಅಮ್ಮಗ ಕೊಡು ಅಂದರು. ಯಾಕೆ ಅಂತ ಕೇಳಬೇಕಿತ್ತು. ತಲೆಯಾಡಿಸಿದೆ.

ಸೀರೆ ಗಿಳಿಹಸಿರು. ಮೈತುಂಬ ಅಂಗೈಯಗಲದ ಕಿತ್ತಳೆ ಹೂ. ಬಂದದ್ದು ಕೌದಿ ಚೀಲದಲ್ಲಿ, ನೋಡಲು ಹೀಗೆ. ನನಗೆ ಅನುಮಾನವೇ ಬರಲಿಲ್ಲ. ಎಂಟು ತುಂಡು ಮಾಡಿದೆ.

ಸಂಜೆ ಆಂಟಿ ಫೋನ್ ಮಾಡಿ, ಫಾಲ್ ಹಚ್ಚಿದ್ದಾಯಿತೇ ಅಂತ ಅಮ್ಮನನ್ನು ಕೇಳಿದರು. ಅದು ಅವರ ನಾದಿನಿ ಕೊಟ್ಟ ಸೀರೆಯಂತೆ. ಭಾನುವಾರ ನಾದಿನಿ ಬರುತ್ತಾಳಂತೆ, ಉಡಲೇಬೇಕಂತೆ. ಅಮ್ಮ ಒಂದು ತುಂಡು ಎತ್ತಿ, ಎರಡು ಬೆರಳಲ್ಲಿ ಅಂಚು ಹೊರಳಿಸಿ ನೋಡಿದಳು. ಹೊಚ್ಚ ಹೊಸದು. ಮಗಳನ್ನ ಕಳಿಸ್ತೀನಿ ಅಂತ ಹೇಳಿ ಫೋನ್ ಇಟ್ಟಳು.

"ಕತ್ತರಿ ಹಾಕಿದಾಕಿ ನೀನು. ನೀನ ಹೋಗಿ ಹೇಳು."

ಕ್ಷಮೆ ಕೇಳುವುದನ್ನು ನನಗೆ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕಲಿಸಿದ್ದಾರೆ, ರಜಾ ಅರ್ಜಿಯ ಜೊತೆಗೆ. ಓಣಿ ದಾಟುವಷ್ಟರಲ್ಲಿ ಅದೂ ಮರೆತುಹೋಯಿತು. ತುಂಡುಗಳನ್ನು ಆಂಟಿಯ ಮುಂದಿಟ್ಟು, "ಆಂಟಿ, ಇದಕ್ಕ ಇನ್ನ ಫಾಲ್ ಹಚ್ಚಾಕ ಬರಂಗಿಲ್ಲ" ಅಂದೆ.

ಆಂಟಿ ತುಂಡುಗಳನ್ನು ನೋಡಿದರು. ಸೆರಗು ಬಾಯಿಗಿಟ್ಟುಕೊಂಡು ಕುಸಿದು ಕೂತರು. ಹೆಗಲು ಅಲುಗತೊಡಗಿತು. ಹದಿನೈದು ವರ್ಷ ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಸೆರಗು ಸರಿದಾಗ ಗೊತ್ತಾಯಿತು, ಅವರು ನಗುತ್ತಿದ್ದರು.

"ಎರಡು ವರ್ಸಾತು ತಂಗಿ, ಫಾಲ್ ಹಚ್ಚಿಲ್ಲ, ಫಾಲ್ ಹಚ್ಚಿಲ್ಲ ಅಂತ ಹೇಳಿ ಇದನ್ನ ಉಡೋದು ತಪ್ಪಿಸ್ಕೊಂಡೀನಿ. ಈ ಸಲ ಆಕಿ ಬಿಡಂಗಿರಲಿಲ್ಲ. ಭಾಳ ಪುಣ್ಯ ಬರ್ತತಿ ನಿನಗ."

ಹೊರಡಲು ಎದ್ದರೆ, ಕುಂದ್ರು ಅಂತ ಕೈ ಹಿಡಿದು ಕೂರಿಸಿ, ಕಪಾಟಿನಿಂದ ಇನ್ನೊಂದು ಸೀರೆ ತಂದರು. ನೇರಳೆ ಬಣ್ಣ, ಅಂಚಿನುದ್ದಕ್ಕೂ ಜರಿಯ ಆನೆಗಳ ಸಾಲು. ಆಂಟಿ ದನಿ ತಗ್ಗಿಸಿದರು.

"ಇದು ನಮ್ಮತ್ತಿ ಕೊಟ್ಟಿದ್ದು. ಇದನ್ನೂ ಒಂದ್ಸಲ ತಪ್ಪಿ ಕತ್ತರಿಸ್ತಿಯೇನವಾ?"

ಪಕ್ಕದ ಕೋಣೆಯಲ್ಲಿ ಅವರ ಅತ್ತೆ ಕೆಮ್ಮಿದ್ದು ಕೇಳಿಸಿತು. ನನ್ನ ತಲೆ ಆಗಲೇ ಆಡತೊಡಗಿತ್ತು. ಅರ್ಧದಲ್ಲೇ ಹಿಡಿದು ನಿಲ್ಲಿಸಿದೆ.