ಹದಿನೈದು ಕೊಡಬೇಕಾಗಿದ್ದ ಕಾರು

ಹಳೆ ಕಾರು ಕೊಂಡವನು ಊರಿಗೆಲ್ಲ ಪುಕ್ಕಟೆ ನಗು ಹಂಚುತ್ತಾನೆ. ನಾನಂತೂ ಎರಡು ವರ್ಷದಿಂದ ಹಂಚುತ್ತಲೇ ಇದ್ದೇನೆ. ನನ್ನದು ಹದಿಮೂರು ವರ್ಷದ ಸಣ್ಣ ಪೆಟ್ರೋಲ್ ಕಾರು, ನಾನು ಅದರ ಮೂರನೆಯ ಮಾಲೀಕ. ತಂದ ದಿನ ಮಣ್ಣಗುಡ್ಡದ ನಮ್ಮ ಓಣಿಯಲ್ಲಿ ಯಾರೂ ಬಣ್ಣ ಚಂದ ಉಂಟು ಅನ್ನಲಿಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ: "ಎಷ್ಟು ಕೊಡ್ತದೆ?"

ಕೊಡುತ್ತಿದ್ದದ್ದು ಲೀಟರಿಗೆ ಹನ್ನೊಂದು ಕಿಲೋಮೀಟರ್. ಮನೆಯಲ್ಲೇ ಹೊಲಿಗೆ ಮಾಡುವ ನನ್ನ ಹೆಂಡತಿ ಒಂದು ದಿನ ತೀರ್ಪು ಕೊಟ್ಟಳು: "ಮೇ ತಿಂಗಳು ಮುಗಿಯುವುದರೊಳಗೆ ಹದಿನೈದು ಕೊಡದಿದ್ದರೆ ಮಾರಿಬಿಡಿ. ನಮಗೆ ಸ್ಕೂಟರ್ ಸಾಕು."

ಅದು ನನ್ನ ಜೀವನದ ಮೊದಲ ಕಾರು. ಬೆಳಿಗ್ಗೆ ಅದರ ಬಾನೆಟ್ ಒರೆಸದೆ ನನಗೆ ಚಹಾ ರುಚಿಸುವುದಿಲ್ಲ. ಮಾರುವ ಮಾತು ಕೇಳಿ ನಿಜವಾಗಿಯೂ ಸಂಕಟವಾಯಿತು.

೧. ಅಯಸ್ಕಾಂತ

ಬಿಡಿಭಾಗದ ಅಂಗಡಿಯವನು ಒಂದು ಅಯಸ್ಕಾಂತ ಕೊಟ್ಟ. "ಪೆಟ್ರೋಲ್ ಪೈಪಿಗೆ ಕಟ್ಟಿ ಮಾರಾಯ್ರೆ. ಪೆಟ್ರೋಲ್ ಸಾಲಾಗಿ ನಿಂತು ಒಳಗೆ ಹೋಗ್ತದೆ, ಒಂದು ಹನಿಯೂ ವೇಸ್ಟ್ ಇಲ್ಲ."

ಕಟ್ಟಿದೆ. ಮೂರು ವಾರ ಓಡಿಸಿದೆ. ಹನ್ನೊಂದು ಹನ್ನೊಂದೇ. ಬಿಚ್ಚಿ ಮೇಜಿನ ಮೇಲೆ ಎಸೆದದ್ದನ್ನು ಹೆಂಡತಿ ಎತ್ತಿಕೊಂಡಳು. ಈಗ ಅದು ಹೊಲಿಗೆ ಮೆಷಿನಿನ ಕೆಳಗೆ ಬಿದ್ದ ಸೂಜಿಗಳನ್ನು ಹೆಕ್ಕುತ್ತದೆ. "ನಿಮ್ಮ ಕಾರಿಗೆ ಹಾಕಿದ್ದರಲ್ಲಿ ಕೆಲಸ ಮಾಡುವ ಸಾಮಾನು ಇದೊಂದೇ" ಎಂದು ಹೊಲಿಸಲು ಬಂದವರಿಗೆಲ್ಲ ತೋರಿಸುತ್ತಾಳೆ.

೨. ಗಾಳಿ

ಎ.ಸಿ. ಪೆಟ್ರೋಲ್ ಕುಡಿಯುತ್ತದೆಂದು ಮೆಕ್ಯಾನಿಕ್‌ನ ಕೈಯಲ್ಲಿ ಅದರ ಬೆಲ್ಟನ್ನೇ ತೆಗೆಸಿದೆ. ಗ್ಲಾಸ್ ಇಳಿಸಿದರೆ ಒಳನುಗ್ಗಿದ ಗಾಳಿ ಕಾರನ್ನು ಹಿಂದಕ್ಕೆಳೆಯುತ್ತದೆಂದು ಮೊಬೈಲಿನಲ್ಲಿ ಓದಿದ ಮೇಲೆ ಗ್ಲಾಸನ್ನೂ ಏರಿಸಿದೆ. ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆ. ಅಂಥದ್ದರಲ್ಲಿ ಕಾವೂರಿನಿಂದ ಅತ್ತೆಯವರನ್ನು ಮದುವೆ ಹಾಲ್‌ಗೆ ಕರೆದುಕೊಂಡು ಹೋದೆ.

ಇಳಿಯುವಾಗ ಅವರ ತಲೆಯ ಮಲ್ಲಿಗೆ ಬಾಡಿ ಜೋತುಬಿದ್ದಿತ್ತು. ರೇಷ್ಮೆಯ ಪಟ್ಟೆ ಸೀರೆ ಬೆನ್ನಿಗೆ ಅಂಟಿತ್ತು. ಅವರು ಸಿಟ್ಟಾಗಲಿಲ್ಲ. ಮೆಲ್ಲಗೆ ಹೇಳಿದರು, "ಇನ್ನೊಂದು ಹತ್ತು ನಿಮಿಷ ಇಟ್ಟಿದ್ದರೆ ಬೇಯಿಸಿ ಇಳಿಸಬಹುದಿತ್ತು. ಎಲೆ ಸುತ್ತಿದ ಮೂಡೆ ಇಡ್ಲಿ ಬೇಯುವುದೂ ಹೀಗೇ ಅಲ್ವಾ?"

೩. ಭಾರ

"ವೆಯಿಟ್ ಕಡಿಮೆ ಮಾಡಿ ಅಣ್ಣ" ಎಂದ ಮೆಕ್ಯಾನಿಕ್. ಸ್ಪೀಕರ್, ಜ್ಯಾಕ್, ಸೀಟ್ ಕವರ್ ಎಲ್ಲ ಇಳಿಸಿದೆ. ಡಿಕ್ಕಿಯ ಗುಂಡಿಯಿಂದ ಸ್ಟೆಪ್ನಿ ಚಕ್ರವನ್ನೂ ತೆಗೆದು ಮೆಟ್ಟಿಲ ಕೆಳಗೆ ಇಟ್ಟೆ. ಡ್ಯಾಶ್‌ಬೋರ್ಡಿನ ಗಣಪತಿಯನ್ನು ಮಾತ್ರ ಮುಟ್ಟಲಿಲ್ಲ. ಆ ಕಾರನ್ನು ನಂಬಿ ಕೂತವರು ನಾವಿಬ್ಬರೇ.

ನಾಲ್ಕನೆಯ ದಿನ ಕಾವೂರು ಕೆರೆಯ ಹತ್ತಿರ ಪಂಕ್ಚರ್. ಸ್ಟೆಪ್ನಿ ಮಣ್ಣಗುಡ್ಡದಲ್ಲಿ. ಜೊತೆಗಿದ್ದ ಹೆಂಡತಿ ಇಳಿದು ಸಿಟಿ ಬಸ್ಸು ಹತ್ತಿದಳು. ಕಿಟಕಿಯಿಂದ ಹೇಳಿದಳು, "ನೋಡಿ, ಈಗ ಒಂದು ತೊಟ್ಟೂ ಖರ್ಚಾಗುವುದಿಲ್ಲ."

೪. ಪರೀಕ್ಷೆ

ಹಟಕ್ಕೆ ಬಿದ್ದ ನಾನು ಆಮೇಲೂ ಸ್ಟೆಪ್ನಿಯನ್ನು ಡಿಕ್ಕಿಗೆ ಹಾಕಲಿಲ್ಲ. ಮೇ ತಿಂಗಳ ಕೊನೆಯ ವಾರ. ಟ್ಯಾಂಕ್ ಫುಲ್ ಮಾಡಿಸಿ ಲೆಕ್ಕ ಶುರುಮಾಡಿದೆ. ಆದಿತ್ಯವಾರ ಅತ್ತೆ ಮನೆಯಲ್ಲಿ ಊಟ, ಊಟದ ಮೇಲೆ ಒಂದು ಸಣ್ಣ ನಿದ್ದೆ. ಆಮೇಲೆ ವಾರವಿಡೀ ನನ್ನ ಅಂಗಡಿಗೆ ಹೋಗಿ ಬಂದೆ. ಆಕ್ಸಿಲರೇಟರನ್ನು ಹೂವು ಮುಟ್ಟಿದ ಹಾಗೆ ಒತ್ತಿದೆ. ಶನಿವಾರ ಮತ್ತೆ ಫುಲ್ ಮಾಡಿಸಿ ಭಾಗಿಸಿದರೆ ಒಂಬತ್ತೂವರೆ.

ಮೆಕ್ಯಾನಿಕ್ ಎಂಜಿನ್ ನೋಡಿದ, ಎಲ್ಲ ಸರಿ ಉಂಟು ಎಂದ. ಮತ್ತೆ ಹಿಂದೆ ಹೋಗಿ ನಿಂತ.

"ಅಣ್ಣ, ಹಿಂದುಗಡೆ ಇಷ್ಟು ತಗ್ಗಿದೆಯಲ್ಲ, ಡಿಕ್ಕಿಯಲ್ಲಿ ಎಂತ ಉಂಟು?"

"ಎಂತ ಇಲ್ಲ ಮಾರಾಯ. ಸ್ಟೆಪ್ನಿಯೂ ಇಲ್ಲ."

ಡಿಕ್ಕಿ ತೆರೆದು ಮ್ಯಾಟ್ ಎತ್ತಿದ. ಸ್ಟೆಪ್ನಿಯ ಗುಂಡಿಯಲ್ಲಿ ಅತ್ತೆ ಮನೆಯ ಕಡೆಯುವ ಕಲ್ಲು, ಹಿಟ್ಟು ರುಬ್ಬುವ ಆ ದೊಡ್ಡ ಕಲ್ಲು, ಕೂತಿತ್ತು. ಇಬ್ಬರು ಸೇರಿದರೂ ಏಳಲಿಲ್ಲ.

ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದೆ. "ನೀವು ಮಲಗಿದ್ದಾಗ ನೆರೆಮನೆಯ ಹುಡುಗರ ಕೈಯಲ್ಲಿ ಇಡಿಸಿದೆ" ಎಂದರು. "ಹೇಳಿದರೆ ಭಾರ ಅಂತ ಬೇಡ ಅಂತೀರಿ. ಮಗಳು ಎಷ್ಟು ಸಮಯದಿಂದ ಕೇಳ್ತಾ ಇದ್ದಾಳೆ. ಆ ಗುಂಡಿ ಕಲ್ಲಿಗೇ ಮಾಡಿಸಿದ ಹಾಗೆ ಉಂಟು ನೋಡಿ, ಸ್ವಲ್ಪವೂ ಅಲುಗಲಿಲ್ಲ."

ಸೋತ ಮುಖ ಹೊತ್ತು ಮನೆಗೆ ಬಂದೆ. ಹೆಂಡತಿ ಕಲ್ಲನ್ನು ಕಂಡವಳೇ ಅದರ ಮೇಲೆ ಕೈಯಾಡಿಸಿದಳು. ಚಿಕ್ಕಂದಿನಲ್ಲಿ ಅವಳು ಅರೆಯಲು ಕಲಿತದ್ದು ಅದರಲ್ಲೇ. ಕಣ್ಣು ತೇವವಾಗಿತ್ತು.

"ಒಂಬತ್ತೂವರೆ ಕೊಟ್ಟಿದೆ" ಎಂದೆ. "ನಾಳೆ ಬ್ರೋಕರಿಗೆ ಹೇಳ್ತೇನೆ."

"ಮಾರುವುದೆಂತಕ್ಕೆ? ಸ್ಕೂಟರಿನಲ್ಲಿ ಈ ಕಲ್ಲು ಬರ್ತಿತ್ತಾ?" ಎಂದಳು.

ಎದೆಯ ಮೇಲಿನ ಭಾರ ಇಳಿಯಿತು. ಗಣಪತಿಗೆ ಒಂದು ಹೂ ಇಟ್ಟು ಬರೋಣವೆಂದು ಹೊರಟೆ. ಅಷ್ಟರಲ್ಲಿ ತಾಯಿಯ ಜೊತೆ ಫೋನಿನಲ್ಲಿದ್ದ ಹೆಂಡತಿ ಒಳಗಿನಿಂದ ಕರೆದಳು.

"ರೀ, ಅಮ್ಮ ಕೇಳ್ತಿದ್ದಾರೆ. ಅಕ್ಕಿ ಹಾಕುವ ಮರದ ಪೆಟ್ಟಿಗೆಯೊಂದು ಉಂಟಂತೆ. ಬರುವ ಆದಿತ್ಯವಾರ ಹಿಂದಿನ ಸೀಟನ್ನೂ ತೆಗೆದು ಬರ್ತೀರಾ?"