ನನ್ನ ಸರ್ಟಿಫಿಕೇಟಿಗೆ ನಾನೇ ತಪಾಸಣೆಗಾರ

ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಮ್ಮ ಕಡೆಯವರ ಉರ್ದು ಸರ್ಟಿಫಿಕೇಟುಗಳನ್ನು ಓದಲು ದೊಡ್ಡ ಹೆಸರಿನ ವಿಶ್ವವಿದ್ಯಾಲಯವೊಂದಕ್ಕೆ ಗುಮಾಸ್ತ ಬೇಕಾಯಿತು. ಭಾಲ್ಕಿಯವನಾದ ನನ್ನನ್ನು ಮೂರು ತಿಂಗಳ ಮಟ್ಟಿಗೆ ತೆಗೆದುಕೊಂಡರು. ಕೆಲಸ ಕಾಯಂ ಆಗಲೆಂದು ಮೈಯೆಲ್ಲ ಕಣ್ಣಾಗಿ ನಡೆದುಕೊಂಡೆ. ಹಾಗೆ ನಡೆದುಕೊಳ್ಳುವವರಿಗೇ ಇಂಥವೆಲ್ಲ ಆಗುತ್ತವೆ.

ಸಲಾಮು

ನಿಜಾಮರ ಕಾಲದ ಕಚೇರಿಯಲ್ಲಿ ಪಳಗಿದವನು ನಾನು. ಸಾಹೇಬರಿಗೆ ಬೆನ್ನು ತೋರಿಸುವುದು ಅಲ್ಲಿ ಬೇಅದಬಿ, ಮರ್ಯಾದೆಗೇಡು. ಮೊದಲ ದಿನ ರಿಜಿಸ್ಟ್ರಾರರಿಗೆ ಬಾಗಿ ಸಲಾಮು ಮಾಡುತ್ತ ಹಿಂದ್ಹಿಂದಕ್ಕೆ ಹೆಜ್ಜೆಯಿಟ್ಟು, ಹೊಸ್ತಿಲು ದಾಟಿ, ಬಾಗಿಲೆಳೆದುಕೊಂಡೆ. ಕತ್ತಲೆ. ಅದು ಫೈಲಿನ ಕೋಣೆ! ನಾಚಿಕೆಯಿಂದ ಒಳಗೇ ನಿಂತೆ. ಕೊನೆಗೆ ಅವರೇ ಬಂದು ಬಾಗಿಲು ತೆಗೆದರು.

"ಕೆಲಸ ನಾಳೆಯಿಂದ ಶುರು ಮಾಡಿದ್ರೂ ಸಾಕು ಕಣ್ರೀ."

ಜಗಲಿ ಮೇಲಿನ ಮೊಹರು

ಔರಾದ್ ಕಡೆಯ ಚಿಂತಾಕಿಯ ಮಾಸ್ತರರೊಬ್ಬರು ಅಸಲು ಸರ್ಟಿಫಿಕೇಟು ಕಳಿಸಲೇ ಇಲ್ಲ. ನೋಡಿ ಬರಲು ನನ್ನನ್ನು ಅಟ್ಟಿದರು. ಅದು ಗಾಜಿನ ಕಟ್ಟು ಹಾಕಿಸಿಕೊಂಡು ದೇವರ ಜಗಲಿಯ ಮೇಲೆ ಕೂತಿತ್ತು. ಮೊಹರಿನ ಮೇಲೆ ದಪ್ಪ ವಿಭೂತಿ. ಒರೆಸಲು ಕೈ ಚಾಚಿದೆ.

"ಜಳಕ ಆಗ್ಯಾದೇನ್ರಿ?" ಮಾಸ್ತರರ ತಾಯಿ ಗದರಿದರು.

ಬಾವಿಯಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ಕೂತು ವರದಿ ಬರೆದೆ. ಏಳಲು ಹೋದರೆ ಮತ್ತೆ ತಡೆದರು.

"ಓದಾದು ಆಯ್ತಲ್ರಿ, ಈಗ ಮಂಗಳಾರತಿ ಮಾಡ್ರಿ."

ಕೊನೆಗೆ ನನ್ನದು

ಮೂರು ತಿಂಗಳು ಮುಗಿಯುತ್ತ ಬಂತು. ಕಾಯಂ ಆಗಬೇಕಾದರೆ ನನ್ನ ಸರ್ಟಿಫಿಕೇಟೂ ತಪಾಸಣೆಯಾಗಬೇಕು. ಅದೂ ಉರ್ದುವಿನದೇ. ಕಚೇರಿಯಲ್ಲಿ ಉರ್ದು ಬಲ್ಲವನು ನಾನೊಬ್ಬನೇ. ಫೈಲು ಎಲ್ಲ ಮೇಜು ಸುತ್ತಿ ನನ್ನ ಮುಂದೆಯೇ ಬಂದು ಬಿತ್ತು. 'ಸರಿ ಇದೆ' ಎಂದು ಬರೆದು ಕಳಿಸಿದೆ. ಸೂಪರಿಂಟೆಂಡೆಂಟರು ಕರೆದರು.

"ನಿಮ್ಮನ್ನ ನೀವೇ ಸರಿ ಅಂದ್ರೆ ಹೇಗ್ರೀ?"

"ತಪ್ಪು ಅದ ಅಂತ ಬರೀಲೇನ್ರಿ?"

"ಊರಿಗೆ ಹೋಗಿ, ಅರ್ಜಿದಾರನನ್ನು ಬಲ್ಲ ಹಿರಿಯರೊಬ್ಬರ ಹೇಳಿಕೆ ತನ್ನಿ. ಹೇಳಿದ್ದರಲ್ಲಿ ಒಂದಕ್ಷರ ಬದಲಿಸಬಾರದು."

ಕೆಲಸ ಹೋದರೆ ಮನೆ ನಡೆಯುವುದು ಹೇಗೆಂದು ನಿಜಕ್ಕೂ ಹೆದರಿದೆ. ರೈಲು ಹತ್ತಿ ಭಾಲ್ಕಿಗೆ ಬಂದರೆ, ಓಣಿಯ ಹಿರಿಯರೆಲ್ಲ ಬೀದರಿಗೆ ಮದುವೆಗೆ ಹೋಗಿದ್ದರು. ಉಳಿದವಳು ನನ್ನವ್ವ. ರೊಟ್ಟಿ ಬಡಿಯುತ್ತಿದ್ದವಳ ಮುಂದೆ ಕಾಗದ ಹಿಡಿದು ಕೂತೆ.

"ಈ ಅರ್ಜಿದಾರನನ್ನು ತಾವು ಬಲ್ಲಿರಾ?"

ಅವ್ವ ಮೇಲಿಂದ ಕೆಳಗೆ ನೋಡಿದಳು. "ಹುಟ್ಟಿದಾಗಿಂದ ನೋಡ್ಲಕತ್ತೇನಿ. ಓದೀನಿ ಅಂತ ಅವನೇ ಅಂತಾನ. ನನಗಂತೂ ಇನ್ನಾ ಅದರ ಗುರ್ತ ಕಂಡಿಲ್ಲ."

ಅಂದದ್ದನ್ನು ಅಂದಂತೆಯೇ ಬರೆದು, ಹೆಬ್ಬೆಟ್ಟು ಒತ್ತಿಸಿ, ಕೆಲಸದ ಆಸೆ ಬಿಟ್ಟು ತಂದುಕೊಟ್ಟೆ. ಸೂಪರಿಂಟೆಂಡೆಂಟರು ಎರಡು ಸಲ ಓದಿ, ಕೆಳಗೆ ಷರಾ ಬರೆದರು:

'ಸಾಕ್ಷಿದಾರರು ಅರ್ಜಿದಾರನನ್ನು ಚೆನ್ನಾಗಿ ಬಲ್ಲರು. ಕಾಯಂ ಮಾಡಬಹುದು.'